ಯೆಮೆನ್ ರಾಜಕುಮಾರನಿಗೆ ಕುಂದಗೋಳದ ಗುರು

ಕುರ್ಲಾ ತಾಲೂಕಿನ ಚೆಂಬೂರಿನಲ್ಲಿ ಹೋಮಿ ವಾಡಿಯಾ 1947ರಲ್ಲಿ ಬಸಂತ್ ಸ್ಟುಡಿಯೋ ಕಟ್ಟಿದರು. ‘ಅಲಿಬಾಬಾ ಔರ್ ಚಾಲೀಸ್ ಚೋರ್’ (1954), ‘ಹಾತಿಮ್‌ತಾಯ್’ (1956) ಅವರ ಬಸಂತ್ ಪಿಕ್ಚರ್ಸಿನ ಚಿತ್ರಗಳು. ಮರಳುಗಾಡು, ಖಡ್ಗ, ಪ್ರೇಮ, ಅರಮನೆಯ ಪಿತೂರಿ ತುಂಬಿದ ಇಂಥವನ್ನು ಓದಿದವರು ಎರಡನೇ ದರ್ಜೆಯವೆಂದು ಬದಿಗಿಟ್ಟರು. ಜನ ಮುಗಿಬಿದ್ದು ನೋಡಿದರು.

ಈ ಮರಳುಗಾಡಿನ ದಾರಿ ಹಳೆಯದು. ಹೋಮಿ ತಮ್ಮ ಅಣ್ಣ ಜೆ.ಬಿ.ಎಚ್. ವಾಡಿಯಾರೊಡನೆ ಆರಂಭಿಸಿದ ವಾಡಿಯಾ ಮೂವಿಟೋನ್, 1933ರಲ್ಲಿ ‘ಲಾಲ್-ಎ-ಯಮನ್’ ತೆಗೆಯಿತು. ಯೆಮೆನ್ನಿನ ದೊರೆ ಎರಡನೇ ರಾಣಿಯ ಮಾತಿಗೆ ಕಿವಿಗೊಡುತ್ತಾನೆ. ತಪ್ಪು ಮಾಡದ ಯುವರಾಜ ಸೆರೆ ಸೇರುತ್ತಾನೆ. ಫಕೀರ ಕೊಟ್ಟ ಮಾಯದ ಕಠಾರಿ ಅವನನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ. ಕಥೆ ಪಾರ್ಸಿ ರಂಗಭೂಮಿಯ ಜೋಸೆಫ್ ಡೇವಿಡ್ ಅವರದು. ‘ಆಲಂ ಆರಾ’ದ ಮೂಲ ನಾಟಕವೂ ಅವರದೇ. ಈ ಯೆಮೆನ್ನಿಗೆ ಭೂಪಟದ ಹಂಗಿರಲಿಲ್ಲ. ನಮ್ಮ ಕಂಪನಿ ನಾಟಕಗಳಂತೆ ಇಲ್ಲೂ ಹಾಡಿನದೇ ದರ್ಬಾರು.

ಹಾಗೆ ಹಾಡಿದವರಲ್ಲಿ ಒಬ್ಬ ಬಾಲ ರಾಜಕುಮಾರ: 1919ರಲ್ಲಿ ಹುಟ್ಟಿದ ಫಿರೋಜ್ ದಸ್ತೂರ್. ಮುಂದೆ ಸಿನಿಮಾ ಬಿಟ್ಟ ಈ ಪಾರ್ಸಿ ಗಾಯಕ, ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾಗಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಗುರುಬಂಧುವಾದರು. ಗುರುವೂ ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾದವರೇ. 2008ರಲ್ಲಿ ತೀರಿಕೊಂಡ ದಸ್ತೂರರನ್ನು ನಾವು ಕಿರಾಣಾ ಘರಾಣೆಯ ಹಿರಿಯರೆಂದೇ ನೆನೆಯುತ್ತೇವೆ. ಬಣ್ಣದ ಪರದೆ, ಸಿನಿಮಾ, ಸಂಗೀತಸಭೆ ಎಂಬ ಮೇಲು-ಕೀಳಿನ ಮೆಟ್ಟಿಲು ನಾವು ಹಾಕಿಕೊಂಡದ್ದು. ಗುರು-ಶಿಷ್ಯರಿಬ್ಬರೂ ಹಾಡುತ್ತಲೇ ಅದನ್ನು ದಾಟಿದ್ದರು.