ಸಭಾಕಂಪ

ಜನಸಮೂಹದ ಮುಂದೆ ನಿಂತು ಮಾತನಾಡುವಾಗ, ಅಥವಾ ಮಾತನಾಡಬೇಕಾದೀತೆಂಬ ನಿರೀಕ್ಷೆಯಿಂದಲೇ, ಮನಸ್ಸಿನಲ್ಲಿ ಹುಟ್ಟುವ ಭೀತಿಗೂ ಅದರೊಡನೆ ಶರೀರದಲ್ಲಿ ತೋರುವ ವಿಕಾರಗಳಿಗೂ ಈ ಹೆಸರುಂಟು. ಬಹುಶ್ರುತರಾದ ವಿದ್ವಾಂಸರಲ್ಲಿಯೂ ಪ್ರಸಿದ್ಧ ವಾಗ್ಮಿಗಳಲ್ಲಿಯೂ ಇದು ಕಂಡುಬಂದಿರುವುದರಿಂದ ಇದನ್ನು ಅಜ್ಞಾನದ ಲಕ್ಷಣವೆಂದಾಗಲಿ ಅಸಾಮರ್ಥ್ಯದ ಕುರುಹೆಂದಾಗಲಿ ಭಾವಿಸುವುದು ಯುಕ್ತವಲ್ಲ. ವಿದ್ಯಾಭ್ಯಾಸವನ್ನೋ ವೃತ್ತಿಯನ್ನೋ ಕೆಡಿಸುವಷ್ಟು ಉಲ್ಬಣಗೊಂಡಾಗ ಮನೋವೈದ್ಯರು ಇದನ್ನು ಸಾಮಾಜಿಕ ಭೀತಿಯೆಂಬ ವ್ಯಾಧಿಯ ಒಂದು ಪ್ರಭೇದವಾಗಿ ಗಣಿಸುತ್ತಾರೆ. ಅಮೆರಿಕದ ಮನೋವೈದ್ಯ ಸಂಘದ ರೋಗವರ್ಗೀಕರಣದ ಕೈಪಿಡಿಯಲ್ಲಿ ಆ ವ್ಯಾಧಿಗೆ ಸ್ಥಾನ ದೊರೆತದ್ದು 1980ರಲ್ಲಿ.

ಶಾರೀರಿಕ ಸ್ವರೂಪ: ಅಪಾಯವನ್ನು ಎದುರಿಸಲು ಅಥವಾ ಅದರಿಂದ ಪಲಾಯನ ಮಾಡಲು ಪ್ರಾಣಿಶರೀರವು ಮಾಡಿಕೊಳ್ಳುವ ಸಿದ್ಧತೆಯನ್ನು ವಾಲ್ಟರ್ ಕ್ಯಾನನ್ 1915ರ ತನ್ನ ಗ್ರಂಥದಲ್ಲಿ ವಿವರಿಸಿದನು. ಸಭೆಯ ಮುಂದೆ ನಿಂತವನಲ್ಲಿ ಜರುಗುವುದೂ ಅದೇ: ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆಬಡಿತ ತೀವ್ರವಾಗುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಕೈಕಾಲು ನಡುಗುತ್ತವೆ. ಈ ಉದ್ವೇಗ ಸಾಮಾನ್ಯವಾಗಿ ಮಾತಿನ ಆರಂಭಕ್ಕೆ ತುಸು ಮುಂಚೆಯೂ ಮೊದಲ ಕೆಲವು ವಾಕ್ಯಗಳಲ್ಲಿಯೂ ಪರಾಕಾಷ್ಠೆ ಮುಟ್ಟಿ ಅನಂತರ ಇಳಿಯತೊಡಗುತ್ತದೆ. ತನ್ನ ನಡುಕವೆಲ್ಲ ಶ್ರೋತೃಗಳಿಗೆ ಕಾಣುತ್ತಿದೆಯೆಂಬ ಭಾಷಣಕಾರನ ಶಂಕೆ ಬಹುಮಟ್ಟಿಗೆ ಭ್ರಮೆ. ಸಾವಿಟ್ಸ್ಕಿ ಮತ್ತು ಗಿಲೋವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಈ ಸಂಗತಿಯನ್ನು ಮುಂಚಿತವಾಗಿ ತಿಳಿದುಕೊಂಡವರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರು.

ಇತಿಹಾಸ: ಗ್ರೀಸಿನ ಡೆಮಾಸ್ತನೀಸನು ಬಾಯಲ್ಲಿ ಹರಳುಗಳನ್ನಿಟ್ಟುಕೊಂಡು ಉಚ್ಚಾರವನ್ನು ತಿದ್ದಿಕೊಂಡನೆಂಬ, ಪ್ಲುಟಾರ್ಕನು ಹೇಳುವ ಕಥೆ ಎಲ್ಲರಿಗೂ ಗೊತ್ತು. ಅವನು ಆಗಲೇ ಹೆಸರಾಂತ ವಾಗ್ಮಿಯಾಗಿದ್ದ ಕ್ರಿ.ಪೂ. 346ರಲ್ಲಿ, ರಾಯಭಾರಿಗಳೊಡನೆ ಮ್ಯಾಸಿಡೋನಿಯದ ಫಿಲಿಪ್ ದೊರೆಯ ಮುಂದೆ ನಿಂತಾಗ ಮಾತು ಮರೆತು ತಡವರಿಸಿದನೆಂಬ ಸಂಗತಿಯನ್ನು ನೆನೆಯುವವರು ವಿರಳ. ಅದನ್ನು ಹೇಳಿದವನು ಅವನ ಪ್ರತಿಸ್ಪರ್ಧಿಯಾದ ಈಸ್ಕಿನೀಸನಾದುದರಿಂದ ಸ್ವಲ್ಪ ಎಚ್ಚರಿಕೆಯಿಂದ ಸ್ವೀಕರಿಸಬೇಕು. ರೋಮಿನ ಸಿಸೆರೋ, ವಾಗ್ಮಿಯನ್ನು ಕುರಿತ ತನ್ನ ಸಂವಾದಗ್ರಂಥದಲ್ಲಿ, ಮಾತಿನ ಆರಂಭದಲ್ಲಿ ತನ್ನ ಮುಖ ವಿವರ್ಣವಾಗಿ ಅಂಗಾಂಗಗಳೆಲ್ಲ ನಡುಗುವುವೆಂದು ಆ ಸಂವಾದದ ಪಾತ್ರವಾದ ವಾಗ್ಮಿ ಕ್ರಾಸಸನಿಂದ ಹೇಳಿಸಿದ್ದಾನೆ.

ಸಭಾಕಂಪವು ಹೇಗೆ ನಿವಾರಣೆಯಾಗುತ್ತದೆ ಎಂಬುದಕ್ಕೆ, ಆಂತರ್ಯವನ್ನೇ ಬಿಚ್ಚಿ ತೋರಿಸುವ ನಿದರ್ಶನ ಮಹಾತ್ಮ ಗಾಂಧಿಯವರದು. 1888ರಿಂದ 1891ರವರೆಗೆ ಇಂಗ್ಲೆಂಡಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಅವರು ಲಂಡನ್ನಿನ ಸಸ್ಯಾಹಾರಿಗಳ ಸಂಘದ ಕಾರ್ಯಸಮಿತಿಯ ಸದಸ್ಯರಾಗಿದ್ದರೂ ಸಭೆಗಳಲ್ಲಿ ಬಾಯಿ ತೆರೆಯಲಾರದವರಾಗಿದ್ದರು. ತೀವ್ರ ಭಿನ್ನಾಭಿಪ್ರಾಯದ ಒಂದು ಸಂದರ್ಭದಲ್ಲಿ ತಮ್ಮ ವಿಚಾರವನ್ನು ಬರೆದು ತಂದು ಬೇರೊಬ್ಬರಿಂದ ಓದಿಸಬೇಕಾಯಿತು. ವೆಂಟ್ನರ್ ಎಂಬ ಊರಿನ ಸಭೆಯಲ್ಲಿ ಒಂದು ಹಾಳೆಯಷ್ಟೂ ಇರದ ಭಾಷಣವನ್ನು ಓದಲು ಎದ್ದಾಗ ದೃಷ್ಟಿ ಮಸುಕಾಗಿ ಮೈ ನಡುಗಿತು, ಜೊತೆಯಲ್ಲಿದ್ದ ಮಜುಮದಾರರು ಅದನ್ನು ಓದಿದರು. ಸ್ವದೇಶಕ್ಕೆ ಮರಳಿ ವಕೀಲರಾದ ಮೇಲೆ, ಮುಂಬಯಿಯ ಸ್ಮಾಲ್ ಕಾಸಸ್ ನ್ಯಾಯಾಲಯದಲ್ಲಿ ಮಮೀಬಾಯಿ ಎಂಬಾಕೆಯ ಪರವಾಗಿ 30 ರೂಪಾಯಿ ಶುಲ್ಕಕ್ಕೆ ಹಿಡಿದ ಮೊದಲ ಮೊಕದ್ದಮೆಯಲ್ಲಿ, ಪಾಟೀಸವಾಲಿಗೆ ಎದ್ದು ನಿಂತವರಿಗೆ ಕೇಳಲು ಒಂದು ಪ್ರಶ್ನೆಯೂ ಹೊಳೆಯದೆ ಕುಳಿತುಬಿಟ್ಟರು. ಹಣ ಹಿಂದಿರುಗಿ ಹೋಯಿತು. ಹೀಗಿದ್ದವರು 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ, ಸೇಠ್ ಹಾಜಿ ಮಹಮ್ಮದ್ ಹಾಜಿ ಜೂಸಬರ ಮನೆಯಲ್ಲಿ ಸೇರಿದ್ದ ಭಾರತೀಯ ವ್ಯಾಪಾರಿಗಳನ್ನು ಕುರಿತು, ವ್ಯವಹಾರದಲ್ಲಿ ಸತ್ಯವನ್ನು ಪಾಲಿಸುವ ವಿಷಯವಾಗಿ ಮಾತನಾಡಿದರು. ತಮ್ಮ ಜೀವನದ ಮೊದಲ ಸಾರ್ವಜನಿಕ ಭಾಷಣವೆಂದು ಅದನ್ನು ಅವರೇ ಆತ್ಮಕಥೆಯಲ್ಲಿ ಗಣಿಸಿದ್ದಾರೆ. ಇಲ್ಲಿ ಗಮನಿಸತಕ್ಕದ್ದು, ಅವರು ವಿಷಯವನ್ನು ಚೆನ್ನಾಗಿ ಸಿದ್ಧಪಡಿಸಿಕೊಂಡಿದ್ದರು, ಹೇಳಲೇಬೇಕಾದ ಮಾತು ಅವರಲ್ಲಿತ್ತು, ಮತ್ತು ಅಂಥ ಕೂಟಗಳು ಅನಂತರ ಕ್ರಮವಾಗಿ ನಡೆದುವು. ಅಲ್ಪಕಾಲದಲ್ಲಿಯೇ ಆ ಊರಿನಲ್ಲಿ ಅವರಿಗೆ ಪರಿಚಯವಿಲ್ಲದ ಭಾರತೀಯನೇ ಉಳಿಯಲಿಲ್ಲ. ಆದರೂ ಸಂಕೋಚ ಸಂಪೂರ್ಣವಾಗಿ ತೊಲಗಿತೆಂದು ಅವರು ಹೇಳಿಕೊಂಡಿಲ್ಲ. ಮಿತವಾಗಿ ಮಾತನಾಡುವ ಅಭ್ಯಾಸವನ್ನು ಅದೇ ತಮಗೆ ಕಲಿಸಿತೆಂದು ಬರೆದಿದ್ದಾರೆ. ಭೀತಿ ಅಳಿದ ಮೇಲೆ ಮಾತು ಬರುವುದಲ್ಲ, ಭೀತಿಯಿರುವಾಗಲೇ ಮಾತನಾಡುವುದು ರೂಢಿಯಾಗುತ್ತದೆ ಎಂಬುದು ಈ ವೃತ್ತಾಂತದಿಂದ ಸಿದ್ಧವಾಗುತ್ತದೆ.

ನಿವಾರಣೋಪಾಯಗಳು: ಜೋಸೆಫ್ ವೋಲ್ಪೆ 1958ರಲ್ಲಿ ಪ್ರತಿಪಾದಿಸಿದ ವಿಧಾನದಲ್ಲಿ ರೋಗಿಯು ಮೊದಲು ಸ್ನಾಯುಗಳನ್ನು ಸಡಿಲಿಸುವುದನ್ನು ಕಲಿತು, ಅನಂತರ ಭಯಕಾರಕ ಸನ್ನಿವೇಶಗಳನ್ನು ಅಲ್ಪದಿಂದ ಅಧಿಕಕ್ಕೆ ಕ್ರಮವಾಗಿ ಕಲ್ಪಿಸಿಕೊಳ್ಳುತ್ತಾನೆ. ಇಲಿನಾಯ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಮೇಲೆ ಗಾರ್ಡನ್ ಪಾಲ್ ನಡೆಸಿ 1966ರಲ್ಲಿ ಪ್ರಕಟಿಸಿದ ಅಧ್ಯಯನವು, ಭಾಷಣಭೀತಿಗೆ ಈ ವಿಧಾನ ಅಂತರ್ದೃಷ್ಟಿಪ್ರಧಾನ ಚಿಕಿತ್ಸೆಗಿಂತ ಫಲಕಾರಿಯೆಂದು ತೋರಿಸಿತು. ಎರಡು ವರ್ಷಗಳ ಬಳಿಕವೂ ಆ ಸುಧಾರಣೆ ಉಳಿದಿತ್ತು. ಚಿಕಿತ್ಸಾಲಯದ ಹೊರಗೆ, ರಾಲ್ಫ್ ಸ್ಮೆಡ್ಲಿ 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್ ಸಂಘ ಪರಿಚಿತರ ಚಿಕ್ಕ ಕೂಟದಲ್ಲಿ ಮತ್ತೆ ಮತ್ತೆ ಮಾತನಾಡಿಸುವ ಮಾರ್ಗವನ್ನೇ ಹಿಡಿಯಿತು. ಕರ್ನಾಟಕದ ಕರಾವಳಿಯ ತಾಳಮದ್ದಳೆಯಲ್ಲಿ, ವೇಷಭೂಷಣಗಳ ಆಸರೆಯಿಲ್ಲದೆ ಪ್ರಸಂಗದ ಪದ್ಯಕ್ಕೆ ಆಶುವಾಗಿ ಅರ್ಥ ಹೇಳುವ ಪದ್ಧತಿಯೂ ಇದೇ ಬಗೆಯ ಶಿಕ್ಷಣ; ಹೊಸಬರಿಗೆ ಸಣ್ಣ ಪಾತ್ರಗಳನ್ನು ವಹಿಸಿ ಕ್ರಮೇಣ ದೊಡ್ಡ ಪಾತ್ರಗಳಿಗೆ ಏರಿಸುವ ರೂಢಿ ಅಲ್ಲಿದೆ.

ಔಷಧಗಳಲ್ಲಿ ಪ್ರೊಪ್ರನಾಲಾಲ್ ಮುಂತಾದವು ಎದೆಬಡಿತವನ್ನೂ ನಡುಕವನ್ನೂ ತಗ್ಗಿಸುತ್ತವೆ, ಮೂಲಭೀತಿಯನ್ನು ನೀಗಿಸುವುದಿಲ್ಲ. ಗೂರಲು ರೋಗವುಳ್ಳವರಿಗೆ ಇವು ಅಪಾಯಕಾರಿಯಾದುದರಿಂದ ವೈದ್ಯರ ಸಲಹೆಯಿಲ್ಲದೆ ಸೇವಿಸತಕ್ಕದ್ದಲ್ಲ.