ಸುಣ್ಣದ ಕಲ್ಲು ನೀರು ಕುಡಿಯುತ್ತದೆಯೇ?

‘ಬೋರ್ಗಲ್ಲ ಮೇಲೆ ಮಳೆ ಸುರಿದಂತೆ’ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಎಷ್ಟು ಮಳೆ ಬಿದ್ದರೂ ಕಲ್ಲಿನೊಳಗೆ ಹನಿ ನೀರೂ ಇಳಿಯದು ಎಂಬುದು ಅದರ ಹಿಂದಿರುವ ನಂಬಿಕೆ. ಆದರೆ ಸುಣ್ಣದ ಕಲ್ಲಿನ ವಿಷಯದಲ್ಲಿ ಈ ನಂಬಿಕೆ ಎಲ್ಲ ಕಡೆಯೂ ನಿಜವಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ, ನೈಸರ್ಗಿಕ ಸೀಮೆಸುಣ್ಣವೂ ಸುಣ್ಣದ ಕಲ್ಲೇ. ಎರಡರಲ್ಲೂ ಇರುವುದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಆದರೂ ಒಂದರ ಮೇಲೆ ತಲೆಮಾರುಗಳ ಕಾಲ ಓಡಾಡಬಹುದು, ಇನ್ನೊಂದನ್ನು ಉಗುರಿನಿಂದ ಕೆರೆಯಬಹುದು. ಈ ವ್ಯತ್ಯಾಸದ ಬಹುಪಾಲು ಇರುವುದು ಕಲ್ಲಿನೊಳಗಿನ ಖಾಲಿ ಜಾಗದಲ್ಲಿ, ಅಂದರೆ ರಂಧ್ರಗಳಲ್ಲಿ.

ರಂಧ್ರಗಳು ಎಲ್ಲಿಂದ ಬರುತ್ತವೆ?

ಹೆಚ್ಚಿನ ಸುಣ್ಣದ ಕಲ್ಲುಗಳು ಸಮುದ್ರ ತಳದಲ್ಲಿ ಚಿಪ್ಪುಗಳು ಮತ್ತು ಸುಣ್ಣದ ಕೆಸರು ಪದರ ಪದರವಾಗಿ ಸೇರಿ ಆದವು. ಕಣಗಳ ನಡುವೆ ಮೊದಲು ಸಾಕಷ್ಟು ಖಾಲಿ ಜಾಗ ಇರುತ್ತದೆ. ಮೇಲಿನ ಭಾರ ಆ ಜಾಗವನ್ನು ಅದುಮುತ್ತದೆ, ನೀರಿನಲ್ಲಿ ಕರಗಿದ್ದ ಕ್ಯಾಲ್ಸೈಟ್ ಅಲ್ಲಿ ಹರಳುಗಟ್ಟಿ ಅದನ್ನು ತುಂಬುತ್ತದೆ. ಕೆಲವೆಡೆ ಇದಕ್ಕೆ ವಿರುದ್ಧವಾಗಿ ಅಂತರ್ಜಲ ಕಲ್ಲನ್ನೇ ಕರಗಿಸಿ ಹೊಸ ಪೊಳ್ಳುಗಳನ್ನು ಮಾಡುತ್ತದೆ. ಹೀಗಾಗಿ ಒಂದೇ ಗಣಿಯ ಎರಡು ಪದರಗಳೂ ಬೇರೆ ಬೇರೆ ಸ್ವಭಾವದವು ಆಗಿರಬಹುದು.

ಒಂದು ಚಿಕ್ಕ ಲೆಕ್ಕ ಮಾಡೋಣ. ಪ್ರತಿ ಬದಿಯೂ 10 ಸೆಂ.ಮೀ. ಇರುವ ಕ್ಯಾಲ್ಸೈಟ್ ಘನ ರಂಧ್ರವೇ ಇಲ್ಲದಿದ್ದರೆ ಸುಮಾರು 2.71 ಕೆ.ಜಿ. ತೂಗುತ್ತದೆ. ಅದರಲ್ಲಿ ಶೇ. 20ರಷ್ಟು ರಂಧ್ರವಿದ್ದರೆ ತೂಕ ಸುಮಾರು 2.17 ಕೆ.ಜಿ.ಗೆ ಇಳಿಯುತ್ತದೆ. ಆ ರಂಧ್ರಗಳೆಲ್ಲ ತುಂಬಿದರೆ ಈ ಪುಟ್ಟ ಕಲ್ಲು ಒಂದು ಲೋಟ, ಅಂದರೆ 200 ಮಿ.ಲೀ. ನೀರು ಕುಡಿಯುತ್ತದೆ!

ರಂಧ್ರ ಹೆಚ್ಚಿದರೆ ಕಲ್ಲು ದುರ್ಬಲವೇ?

ಸಾಮಾನ್ಯವಾಗಿ ಹೌದು. ಭಾರ ಹೊರಲು ಉಳಿಯುವ ಗಟ್ಟಿ ಭಾಗ ಕಡಿಮೆಯಾಗುತ್ತದೆ. ಇದಕ್ಕೆ ದೊಡ್ಡ ಉದಾಹರಣೆ ನಾರ್ವೆಯ ಬಳಿಯ ಎಕೋಫಿಸ್ಕ್ ತೈಲಕ್ಷೇತ್ರ. ಅಲ್ಲಿ ಕಡಲತಳದ ಆಳದಲ್ಲಿರುವ ಸೀಮೆಸುಣ್ಣದ ಪದರದ ಸೂಕ್ಷ್ಮರಂಧ್ರಗಳಲ್ಲಿ ತೈಲವಿತ್ತು. ತೈಲ ತೆಗೆದಂತೆ ರಂಧ್ರಗಳ ಒಳಗಿನ ಒತ್ತಡ ಇಳಿಯಿತು, ಮೇಲಿನ ಭಾರಕ್ಕೆ ಕಲ್ಲು ಕುಗ್ಗಿತು, ಕಡಲತಳವೇ ಕುಸಿಯಿತು. ಕೊನೆಗೆ 1987ರಲ್ಲಿ ಅಲ್ಲಿನ ಉಕ್ಕಿನ ಕಟ್ಟೆಗಳನ್ನು 6 ಮೀಟರ್ ಎತ್ತರಿಸಬೇಕಾಯಿತು.

ಆದರೆ ಇದೇ ಗುಣ ವರವೂ ಆಗಬಲ್ಲದು. ಅಮೆರಿಕದ ಫ್ಲಾರಿಡಾದಲ್ಲಿ ಸ್ಪೇನಿನವರು 1672ರಲ್ಲಿ ಕಟ್ಟಲು ಆರಂಭಿಸಿದ ಕ್ಯಾಸ್ಟಿಯೊ ಡಿ ಸಾನ್ ಮಾರ್ಕೋಸ್ ಕೋಟೆಯ ಕಲ್ಲು ಕೊಕೀನಾ, ಅಂದರೆ ಚಿಪ್ಪುಗಳು ಸಡಿಲವಾಗಿ ಅಂಟಿಕೊಂಡು ಆದ ಸುಣ್ಣದ ಕಲ್ಲು. 1702ರಲ್ಲಿ ಇಂಗ್ಲಿಷರು ಮುತ್ತಿಗೆ ಹಾಕಿದಾಗ ಗೋಡೆ ಸಿಡಿದು ಚೂರಾಗಲಿಲ್ಲ. ಫಿರಂಗಿ ಗುಂಡು ತಗುಲಿದ ಜಾಗದಲ್ಲಿ ಪೊಳ್ಳುಗಳು ಕುಸಿದು ಪೆಟ್ಟನ್ನು ನುಂಗಿಕೊಂಡವು, ಬಿರುಕು ದೂರ ಹಬ್ಬಲಿಲ್ಲ.

ಎಷ್ಟು ಎನ್ನುವುದಕ್ಕಿಂತ ಎಂಥವು ಎನ್ನುವುದು ಮುಖ್ಯ

ಎರಡು ಕಲ್ಲುಗಳಲ್ಲಿ ರಂಧ್ರದ ಪ್ರಮಾಣ ಒಂದೇ ಇದ್ದರೂ ಅವುಗಳ ವರ್ತನೆ ಒಂದೇ ಆಗಿರಬೇಕಿಲ್ಲ. ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿದ್ದರೆ ನೀರು ಹರಿಯುತ್ತದೆ. ಬಿಡಿಬಿಡಿಯಾಗಿದ್ದರೆ, ಎಷ್ಟೇ ದೊಡ್ಡವಾಗಿದ್ದರೂ, ನೀರಿಗೆ ದಾರಿಯಿಲ್ಲ.

ಗಾತ್ರವೂ ಅಷ್ಟೇ ಮುಖ್ಯ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಕಿರಿದಾದ ರಂಧ್ರಗಳಲ್ಲಿ ನೀರು ತಾನಾಗಿ ಮೇಲೇರುತ್ತದೆ. ಇದೇ ಲೋಮನಾಳ ಕ್ರಿಯೆ. ಲೆಕ್ಕದ ಪ್ರಕಾರ 1 ಮಿ.ಮೀ. ತ್ರಿಜ್ಯದ ಕೊಳವೆಯಲ್ಲಿ ನೀರು ಸುಮಾರು ಒಂದೂವರೆ ಸೆಂ.ಮೀ. ಮಾತ್ರ ಏರುತ್ತದೆ. ತ್ರಿಜ್ಯ 0.1 ಮಿ.ಮೀ. ಆದರೆ ಏರಿಕೆ ಸುಮಾರು 15 ಸೆಂ.ಮೀ. ಕೊಳವೆ ಕಿರಿದಾದಷ್ಟೂ ಏರಿಕೆ ಹೆಚ್ಚು. ಹಾಗಾಗಿ ಕಣ್ಣಿಗೆ ಕಾಣದ ರಂಧ್ರಗಳಿರುವ ನಯವಾದ ಕಲ್ಲು, ತೂತುತೂತಾಗಿ ಕಾಣುವ ಕಲ್ಲಿಗಿಂತ ಎತ್ತರಕ್ಕೆ ತೇವವನ್ನು ಎಳೆದುಕೊಳ್ಳಬಲ್ಲದು.

ಮೇಲೆ ಲೇಪ ಬಳಿದರೆ ಕಲ್ಲು ಉಳಿಯುತ್ತದೆಯೇ?

ಇದು ಹಲವರ ನಂಬಿಕೆ. ಮಳೆನೀರೊಂದೇ ಸಮಸ್ಯೆಯಾಗಿದ್ದರೆ ಲೇಪದಿಂದ ಸ್ವಲ್ಪ ಉಪಯೋಗವಾದೀತು. ಆದರೆ ತೇವ ಬುನಾದಿಯಿಂದ ಏರುತ್ತಿದ್ದರೆ? ಆ ನೀರಿನ ಜೊತೆ ಮಣ್ಣಿನ ಲವಣಗಳೂ ಬರುತ್ತವೆ. ಗೋಡೆ ಉಸಿರಾಡುವಂತಿದ್ದರೆ ನೀರು ಹೊರಮೈಯಲ್ಲಿ ಆರಿ, ಲವಣ ಬಿಳಿ ಪುಡಿಯಾಗಿ ಕಾಣಿಸಿಕೊಳ್ಳುತ್ತದೆ. ಅದನ್ನು ಒಣ ಬ್ರಷ್‌ನಿಂದ ತೆಗೆಯಬಹುದು. ಆವಿ ಹೋಗದಂಥ ಬಣ್ಣವನ್ನೋ ಸಿಮೆಂಟ್ ಗಾರೆಯನ್ನೋ ಬಳಿದರೆ ಲವಣ ಮೇಲ್ಮೈಯ ಹಿಂದೆ, ರಂಧ್ರಗಳ ಒಳಗೇ ಹರಳುಗಟ್ಟುತ್ತದೆ. ಬೆಳೆಯುವ ಹರಳು ರಂಧ್ರದ ಗೋಡೆಯನ್ನು ಒತ್ತಿ ಕಲ್ಲಿನ ಮೈಯನ್ನು ಹಕ್ಕಳೆ ಹಕ್ಕಳೆಯಾಗಿ ಎಬ್ಬಿಸುತ್ತದೆ. ಕಾಪಾಡಲೆಂದು ಮಾಡಿದ ಕೆಲಸವೇ ಕಲ್ಲನ್ನು ಕೆಡಿಸುತ್ತದೆ. ಹಳೆಯ ಸುಣ್ಣದ ಕಲ್ಲಿನ ಕಟ್ಟಡಗಳಿಗೆ ಸುಣ್ಣದ ಗಾರೆಯೇ ಹೊಂದುತ್ತದೆ ಎನ್ನಲು ಇದೇ ಕಾರಣ, ಅದು ತೇವವನ್ನು ಹೊರಬಿಡುತ್ತದೆ.

ನಮ್ಮ ಮನೆಯಲ್ಲಿ ಏನು ಮಾಡಬಹುದು?

ಕಲ್ಲಿನ ಮೇಲೆ ಒಂದು ಹನಿ ನೀರು ಹಾಕಿ ನೋಡಿ. ತಕ್ಷಣ ಇಂಗಿ ಬಣ್ಣ ಗಾಢವಾದರೆ ಅದು ನೀರು ಹೀರುವ ಕಲ್ಲು, ಎಣ್ಣೆ, ಅರಿಶಿನದ ಕಲೆಯೂ ಬೇಗ ಹಿಡಿಯುತ್ತದೆ. ಹನಿ ಹಾಗೆಯೇ ನಿಂತರೆ ಕಲ್ಲಿನ ಮೈ ದಟ್ಟವಾಗಿದೆ, ಇಲ್ಲವೇ ಅದಕ್ಕೆ ಈಗಾಗಲೇ ಲೇಪವಿದೆ. ಶಹಾಬಾದ್ ಕಲ್ಲಿನಲ್ಲಿ ರಂಧ್ರ ಕಡಿಮೆ, ಅದಕ್ಕೇ ನೆಲಕ್ಕೆ ಸೂಕ್ತ. ಆದರೂ ಅದು ಸುಣ್ಣದ ಕಲ್ಲೇ ಎಂಬುದನ್ನು ಮರೆಯಬೇಡಿ. ನಿಂಬೆರಸ, ವಿನೆಗರ್, ಶೌಚಾಲಯ ತೊಳೆಯುವ ಆ್ಯಸಿಡ್ ಅದರ ಮೈಯನ್ನು ಕರಗಿಸಿ ಒರಟಾಗಿಸುತ್ತವೆ, ಆಮೇಲೆ ಕಲೆ ಸುಲಭವಾಗಿ ಕೂರುತ್ತದೆ. ನೆಲ ಒರೆಸಲು ನೀರು ಮತ್ತು ಸೌಮ್ಯ ಸೋಪು ಸಾಕು. ಗೋಡೆಯಲ್ಲಿ ತೇವ ಕಂಡರೆ ಲೇಪ ಕೊಳ್ಳುವ ಮುನ್ನ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ, ಮೊದಲು ಆ ದಾರಿಯನ್ನು ಸರಿಪಡಿಸಿ.