ರಟ್ಟೀಹಳ್ಳಿ (ಅಡ್ಡಹೆಸರು)

ಹಾವೇರಿ ಜಿಲ್ಲೆಯ, ಕುಮುದ್ವತಿ ನದಿಯ ಮಗ್ಗುಲಿನ, ಕದಂಬೇಶ್ವರ ಗುಡಿಗೆ ಹೆಸರಾದ ರಟ್ಟೀಹಳ್ಳಿಯಿಂದ ಬಂದ ವಿರಳ ಅಡ್ಡಹೆಸರು. ವಿರಳವಾಗಿರುವುದಕ್ಕೆ ಊರಿನ ಗಾತ್ರವಷ್ಟೇ ಕಾರಣವಲ್ಲ. ಊರ ಹೆಸರು ಮನೆತನದ ಹೆಸರಾಗುವುದು ಹೆಚ್ಚಾಗಿ ಊರು ಬಿಟ್ಟವರಿಗೆ. ರಟ್ಟೀಹಳ್ಳಿಯೊಳಗೆ ಎಲ್ಲರೂ ರಟ್ಟೀಹಳ್ಳಿಯವರೇ. ಅಲ್ಲಿ ಒಬ್ಬರಿಂದ ಒಬ್ಬರನ್ನು ಬೇರೆ ಮಾಡಿ ಕರೆಯಲು ಬಡಿಗೇರ, ಕಮ್ಮಾರ, ತಳವಾರ, ಪಾಟೀಲ ಎಂಬಂಥ ಕಸುಬು, ಹುದ್ದೆಗಳ ಹೆಸರೇ ಬೇಕು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ. ಮಲ್ಲಿಕಾರ್ಜುನ ಮನಸೂರರು ಮನಸೂರಿನಲ್ಲೇ ಹುಟ್ಟಿದವರಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅವರ ತಂದೆ ಆ ಊರಿನ ಗೌಡರು. ಊರೊಳಗೆ ಆ ಮನೆಯನ್ನು ಗುರುತಿಸಲು ಗೌಡಿಕೆಯೇ ಸಾಕಿತ್ತು. ಮನಸೂರ ಎಂಬುದಕ್ಕೆ ಬೆಲೆ ಬಂದದ್ದು ನಾಟಕ ಕಂಪನಿ, ಮಿರಜಿನ ಸಂಗೀತಪಾಠ ಎಂದು ಅವರು ಹೊರನಡೆದ ಮೇಲೆ.

ಹರಡಿಕೆಯ ಪ್ರಶ್ನೆ ಇದಕ್ಕಿಂತ ತೊಡಕಿನದು. ಹಿಂದೆ ಹಿರೇಕೆರೂರು ತಾಲ್ಲೂಕಿನಲ್ಲಿದ್ದ ಈ ಊರು 1956ರವರೆಗೆ ಮುಂಬಯಿ ಆಡಳಿತದ ದಕ್ಷಿಣದ ಅಂಚು. ಅದರಾಚೆ ಮೈಸೂರು ಸಂಸ್ಥಾನದ ಶಿಕಾರಿಪುರ ಸೀಮೆ. ಮುಂಬಯಿ ಕಡೆಯ ಕಚೇರಿ, ಶಾಲೆಗಳ ದಾಖಲೆಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರೆಯುವ ರೂಢಿ. ಮೈಸೂರಿನಲ್ಲಿ ಊರು ಮೊದಲ ಅಕ್ಷರವಾಗಿ ಮುಂದೆ ಕೂರುತ್ತದೆ: ಕುವೆಂಪು ಎಂಬಲ್ಲಿನ ‘ಕು’ ಕುಪ್ಪಳಿ. ಆದ್ದರಿಂದ ಹುಬ್ಬಳ್ಳಿಗೆ ಹೋದ ಮನೆತನ ರಟ್ಟೀಹಳ್ಳಿಯಾಗಿ ಉಳಿಯುವುದು ಸುಲಭ. ಶಿವಮೊಗ್ಗದತ್ತ ಹೋದದ್ದು ಒಂದು ‘ಆರ್’ ಅಕ್ಷರದೊಳಗೆ ಅಡಗಿಬಿಡಬಹುದು. ದಕ್ಷಿಣದಲ್ಲಿ ಈ ಹೆಸರು ಕಾಣದಿದ್ದರೆ ಜನ ಅತ್ತ ಹೋಗಲಿಲ್ಲವೆಂದು ತೀರ್ಮಾನಿಸುವಂತಿಲ್ಲ. ಅಡ್ಡಹೆಸರಿನ ನಕ್ಷೆ ತೋರಿಸುವುದು ವಲಸೆಯನ್ನಷ್ಟೇ ಅಲ್ಲ, ಗುಮಾಸ್ತರ ರೂಢಿಯನ್ನೂ.

ಹೆಸರಿನ ನಾದ ಕೇಳಿ ಸವದತ್ತಿಯ ರಟ್ಟರ ವಂಶಕ್ಕೆ ಇದನ್ನು ಗಂಟುಹಾಕುವ ಆಸೆ ಸಹಜ. ಆದರೆ ಊರಿನ ಹೆಸರಿನ ಮೂಲ ಏನೇ ಇರಲಿ, ಮನೆತನಕ್ಕೆ ದಾಟಿದ್ದು ಊರು, ರಾಜವಂಶವಲ್ಲ. ಒಂದೇ ಊರಿನಿಂದ ಬೇರೆ ಬೇರೆ ಜಾತಿಯವರು, ಬೇರೆ ಬೇರೆ ಕಾಲದಲ್ಲಿ ಹೊರಟಿರಲು ಸಾಧ್ಯವಾದ್ದರಿಂದ, ಇಬ್ಬರು ರಟ್ಟೀಹಳ್ಳಿಯವರು ಬೀಗರಾಗಲಿ ದಾಯಾದಿಗಳಾಗಲಿ ಆಗಿರಬೇಕಿಲ್ಲ.